ಒದ್ದಾಡುತ್ತಿರುವ ಹೊಸ ಆಟಗಾರ್ತಿಗೆ ಜಾಸ್ತಿ ಆಟ ಕೊಡಬೇಕಾ? ನಾನು ತೀರ್ಮಾನ ಮಾಡಿದ ರೀತಿ

ನಾನು ಬ್ಯಾಸ್ಕೆಟ್‌ಬಾಲ್ ಕೋಚ್. ಮಹಿಳೆಯರ ತಂಡವೊಂದನ್ನು ನೋಡಿಕೊಳ್ಳುತ್ತೇನೆ. ಒಂದು ಸೀಸನ್‌ನಲ್ಲಿ ನಮ್ಮ ತಂಡಕ್ಕೆ ಹೊಸ ಗಾರ್ಡ್ (ಚೆಂಡು ತಂದು ಆಟ ಕಟ್ಟುವವಳು) ಒಬ್ಬಳು ಬಂದಳು. ಜೂನಿಯರ್ ಮಟ್ಟದಲ್ಲಿ ಅವಳ ತಂಡದ ಆಟವೆಲ್ಲ ಅವಳ ಕೈಯಲ್ಲೇ ಇತ್ತು. ನಮ್ಮಲ್ಲಿಗೆ ಬಂದ ಮೇಲೆ ಶಾಟ್ ಬೀಳಲಿಲ್ಲ, ಪಾಸ್ ಎದುರಾಳಿಯ ಕೈಗೆ ಹೋಯಿತು, ಡಿಫೆನ್ಸ್‌ನಲ್ಲಿ ಅವಳು ಹಿಡಿಯಬೇಕಾದವಳೇ ಕಳೆದುಹೋಗುತ್ತಿದ್ದಳು. ಸೀಸನ್ ಅರ್ಧಕ್ಕೆ ಬರುವ ಹೊತ್ತಿಗೆ ತಂಡದೊಳಗೇ ಎರಡು ಮಾತು ಶುರುವಾಯಿತು. ಆಡಿಸಿದರೆ ತಾನೇ ಕಲಿಯೋದು ಅಂತ ಕೆಲವರು. ಮೊದಲು ಚೆನ್ನಾಗಿ ಆಡಲಿ, ಆಮೇಲೆ ಆಡಿಸೋಣ ಅಂತ ಉಳಿದವರು.

ಎರಡೂ ಮಾತಿನಲ್ಲಿ ನಿಜ ಇದೆ. ಆದರೆ ಎರಡರಿಂದಲೂ ಕೋಚ್‌ಗೆ ಉತ್ತರ ಸಿಗುವುದಿಲ್ಲ. ನಾನು ಕೊನೆಗೆ ಅವಳಿಗೆ ಜಾಸ್ತಿ ಆಟ ಕೊಟ್ಟೆ. ಯಾಕೆ ಕೊಟ್ಟೆ, ಯಾವ ಹೊತ್ತಿನಲ್ಲಿ ಕೊಟ್ಟೆ, ಯಾವಾಗ ಕೊಡಲಿಲ್ಲ ಅನ್ನೋದನ್ನು ಬರೆಯುತ್ತೇನೆ.

ಮೊದಲು ಒಂದು ಸರಳ ಲೆಕ್ಕ. ಫೀಬಾ (ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ) ನಿಯಮದಲ್ಲಿ ಪಂದ್ಯ ಅಂದರೆ 10 ನಿಮಿಷದ ನಾಲ್ಕು ಕ್ವಾರ್ಟರ್. ಕೋರ್ಟ್‌ನಲ್ಲಿ ಐವರು. ಹಾಗಾಗಿ ಕೋಚ್ ಕೈಯಲ್ಲಿ ಹಂಚೋಕೆ ಇರುವುದು ಒಟ್ಟು 200 ನಿಮಿಷ, ಅಷ್ಟೇ. ಒಬ್ಬಳಿಗೆ ಆರು ನಿಮಿಷ ಜಾಸ್ತಿ ಕೊಟ್ಟರೆ ಇನ್ಯಾರದೋ ಆರು ನಿಮಿಷ ಹೋಗುತ್ತದೆ. "ಅವಳಿಗೆ ಆಟ ಕೊಡಿ" ಅನ್ನುವವರು ಸಾಮಾನ್ಯವಾಗಿ ಮಾತಿನ ಇನ್ನೊಂದು ಅರ್ಧ ಹೇಳುವುದಿಲ್ಲ: ಯಾರಿಂದ ಕಿತ್ತು? ನಾನು ಅಲ್ಲಿಂದಲೇ ಯೋಚನೆ ಶುರುಮಾಡಿದೆ. ಅವಳ ಮುಂದಿದ್ದ ಸೀನಿಯರ್ ಗಾರ್ಡ್ ಕೆಟ್ಟದಾಗಿ ಆಡುತ್ತಿರಲಿಲ್ಲ. ನಂಬಿಕಸ್ಥೆ, ಚೆಂಡು ಕಳೆಯುವವಳಲ್ಲ. ಆದರೆ ಜಾಸ್ತಿ ಹೊತ್ತು ಆಡಿ ನಾಲ್ಕನೇ ಕ್ವಾರ್ಟರ್‌ಗೆ ಬರುವಷ್ಟರಲ್ಲಿ ಅವಳ ಕಾಲು ಭಾರವಾಗುತ್ತಿತ್ತು. ಅವಳ ಶಾಟ್ ರಿಂಗ್‌ನ ಮುಂದಿನ ಅಂಚಿಗೇ ಬಡಿದು ಬೀಳುತ್ತಿದ್ದದ್ದು ಅದಕ್ಕೇ. ಅಂದರೆ ಅವಳಿಗೆ ವಿಶ್ರಾಂತಿ ಕೊಟ್ಟರೆ ತಂಡಕ್ಕೂ ಲಾಭವಿತ್ತು.

ಆಮೇಲೆ ಹೊಸಬಳ ಪಂದ್ಯಗಳ ವಿಡಿಯೋ ಹಾಕಿಕೊಂಡು ಕೂತೆ. ಸ್ಕೋರ್‌ಶೀಟ್ ಪಕ್ಕಕ್ಕಿಟ್ಟೆ. ಸ್ಕೋರ್‌ಶೀಟ್‌ನಲ್ಲಿ ಶಾಟ್ ಬಿತ್ತಾ ಇಲ್ಲವಾ ಅಂತ ಇರುತ್ತದೆ. ಆ ಶಾಟ್ ಹೊಡೆಯಬೇಕಿತ್ತಾ ಅಂತ ಇರುವುದಿಲ್ಲ. ನನಗೆ ಬೇಕಿದ್ದದ್ದು ಎರಡನೆಯದು.

ಒಂದೊಂದು ಶಾಟ್ ನಿಲ್ಲಿಸಿ ನೋಡಿದೆ. ಕಾಲು ನೆಲದ ಮೇಲೆ ಸರಿಯಾಗಿ ಊರಿತ್ತಾ? ಎದುರಿಗೆ ಯಾರಾದರೂ ಕೈ ಎತ್ತಿದ್ದರಾ? ಶಾಟ್ ಹೊಡೆಯೋಕೆ ತಂಡಕ್ಕೆ ಸಿಗುವ 24 ಸೆಕೆಂಡಿನ ಗಡಿಯಾರದಲ್ಲಿ ಎಷ್ಟು ಉಳಿದಿತ್ತು? ಅವಳ ತಪ್ಪಿದ ಶಾಟ್‌ಗಳಲ್ಲಿ ಹೆಚ್ಚಿನವು ಒಳ್ಳೆಯ ಶಾಟ್‌ಗಳೇ. ಕಾರ್ನರ್‌ನಲ್ಲಿ ನಿಂತಿದ್ದಾಳೆ, ಎದುರು ಯಾರೂ ಇಲ್ಲ, ಪಾಸ್ ಸರಿಯಾಗಿ ಬಂದಿದೆ, ಹೊಡೆದಿದ್ದಾಳೆ, ಬಿದ್ದಿಲ್ಲ. ಆ ಶಾಟ್ ಅನ್ನು ನಮ್ಮ ಅತ್ಯುತ್ತಮ ಶೂಟರ್ ಹೊಡೆದಿದ್ದರೂ ನಾನು ಸೈ ಅನ್ನುತ್ತಿದ್ದೆ. ಹತ್ತು ಮೂರು-ಪಾಯಿಂಟ್ ಶಾಟ್‌ನಲ್ಲಿ ಮೂರು ಬಿದ್ದರೆ ಶೇಕಡಾ 30, ನಾಲ್ಕು ಬಿದ್ದರೆ ಶೇಕಡಾ 40. ಮೊದಲನೆಯವಳನ್ನು ಬೆಂಚ್‌ಗೆ ಕಳಿಸುತ್ತೇವೆ, ಎರಡನೆಯವಳನ್ನು ಹೊಗಳುತ್ತೇವೆ. ನಡುವೆ ಇರುವುದು ಒಂದೇ ಒಂದು ಶಾಟ್! ಅಷ್ಟು ಸಣ್ಣ ಲೆಕ್ಕದ ಮೇಲೆ ಒಬ್ಬಳ ಸೀಸನ್ ತೀರ್ಮಾನ ಮಾಡುವುದು ನ್ಯಾಯ ಅಲ್ಲ. ಅವಳ ಫ್ರೀ ಥ್ರೋ ಚೆನ್ನಾಗಿತ್ತು ಅನ್ನೋದನ್ನೂ ನೋಡಿದೆ. ಯಾರೂ ಅಡ್ಡ ಇಲ್ಲದೆ, ಒಂದೇ ದೂರದಿಂದ ಹೊಡೆಯುವ ಶಾಟ್ ಅದು. ಅಲ್ಲಿ ಕೈ ಸರಿ ಇದ್ದವಳಿಗೆ ದೂರದ ಶಾಟ್ ಕೂಡ ನಿಧಾನಕ್ಕೆ ಕೂಡಿಬರುತ್ತದೆ ಅಂತ ನಾನು ನಂಬುತ್ತೇನೆ.

ಪ್ಲಸ್-ಮೈನಸ್ ಲೆಕ್ಕ ತೋರಿಸಿ ವಾದ ಮಾಡಿದವರೂ ಇದ್ದರು. ಅವಳು ಕೋರ್ಟ್‌ನಲ್ಲಿದ್ದಾಗ ನಾವು ಎಷ್ಟು ಪಾಯಿಂಟ್ ಹೊಡೆದೆವು, ಎಷ್ಟು ಬಿಟ್ಟುಕೊಟ್ಟೆವು ಅನ್ನುವ ವ್ಯತ್ಯಾಸ ಅದು. ಅವಳದ್ದು ಯಾವಾಗಲೂ ಮೈನಸ್. ಆದರೆ ನಾನು ಅವಳನ್ನು ಇಳಿಸುತ್ತಿದ್ದದ್ದು ಯಾವಾಗ? ನಮ್ಮ ಇಬ್ಬರು ಒಳ್ಳೆಯ ಆಟಗಾರ್ತಿಯರು ಒಟ್ಟಿಗೆ ಬೆಂಚ್‌ನಲ್ಲಿ ಕೂತಾಗ. ಆ ಹೊತ್ತಿನಲ್ಲಿ ಯಾರನ್ನು ಇಳಿಸಿದ್ದರೂ ಮೈನಸ್ಸೇ ಬರುತ್ತಿತ್ತು. ಆ ಅಂಕಿ ಅವಳ ಆಟಕ್ಕಿಂತ ಜಾಸ್ತಿ ನನ್ನ ಸಬ್‌ಸ್ಟಿಟ್ಯೂಷನ್ ಬಗ್ಗೆ ಹೇಳುತ್ತಿತ್ತು.

ಇಷ್ಟೆಲ್ಲ ಅವಳ ಪರವಾಗಿತ್ತು. ವಿರುದ್ಧ ಇದ್ದದ್ದು ಡಿಫೆನ್ಸ್. ಇದು ಸಣ್ಣ ವಿಷಯ ಅಲ್ಲ, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹೊಸಬರು ಡಿಫೆನ್ಸ್‌ನಲ್ಲಿ ಸೋಲುವುದು ಚೆಂಡು ಹಿಡಿದವಳ ಎದುರು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅಲ್ಲಿ ಅವರು ಹೇಗೋ ಕಾಲು ಓಡಿಸಿ ನಿಭಾಯಿಸುತ್ತಾರೆ. ಸೋಲುವುದು ಚೆಂಡು ಇಲ್ಲದ ಕಡೆ. ಚೆಂಡು ಎಡಗಡೆ ಇದೆ, ನೀವು ಬಲಗಡೆ ಕಾರ್ನರ್‌ನವಳನ್ನು ನೋಡಿಕೊಳ್ಳುತ್ತಿದ್ದೀರಿ ಅಂದುಕೊಳ್ಳಿ. ಎಡಗಡೆ ಪಿಕ್ ಅಂಡ್ ರೋಲ್ ಶುರುವಾಯಿತು, ಅಂದರೆ ಚೆಂಡು ಹಿಡಿದವಳನ್ನು ಕಾಯುವವಳಿಗೆ ಎದುರಾಳಿಯ ಇನ್ನೊಬ್ಬಳು ಅಡ್ಡ ನಿಂತಳು (ಇದೇ ಸ್ಕ್ರೀನ್). ಸ್ಕ್ರೀನ್ ಹಾಕಿದವಳು ರಿಂಗ್ ಕಡೆ ತಿರುಗಿ ಓಡಿದಳು. ಈಗ ನೀವು ನಿಮ್ಮವಳನ್ನು ಬಿಟ್ಟು ಪೇಂಟ್‌ಗೆ (ರಿಂಗ್ ಕೆಳಗಿನ ಬಣ್ಣದ ಜಾಗ) ಬಂದು ಅವಳನ್ನು ತಡೆಯಬೇಕು. ಪಾಸ್ ಕಾರ್ನರ್‌ಗೆ ಹೋದ ತಕ್ಷಣ ಮತ್ತೆ ಹೊರಗೆ ಓಡಿ, ಕೊನೆಯ ಎರಡು ಹೆಜ್ಜೆ ಚಿಕ್ಕದು ಮಾಡಿ, ಕೈ ಎತ್ತಿ ಕ್ಲೋಸ್‌ಔಟ್ ಮಾಡಬೇಕು. ಜೋರಾಗಿ ನುಗ್ಗಿದರೆ ಅವಳು ನಿಮ್ಮ ಪಕ್ಕದಲ್ಲೇ ಡ್ರಿಬಲ್ ಮಾಡಿ ಒಳಗೆ ಹೋಗುತ್ತಾಳೆ. ನಿಧಾನ ಮಾಡಿದರೆ ಮೂರು ಪಾಯಿಂಟ್. ಇದೆಲ್ಲ ಎರಡು ಮೂರು ಸೆಕೆಂಡಿನ ಆಟ. ಯಾವಾಗ ಹೊರಡಬೇಕು ಅನ್ನೋದನ್ನು ಯೋಚಿಸಿ ತೀರ್ಮಾನ ಮಾಡಿದರೆ ತಡವಾಯಿತು ಅಂತಲೇ ಲೆಕ್ಕ.

ನಮ್ಮ ಹುಡುಗಿ ಚೆಂಡನ್ನೇ ನೋಡುತ್ತಾ ನಿಂತುಬಿಡುತ್ತಿದ್ದಳು. ತಡವಾಗಿ ಬಂದು ಕೈ ಹಾಕಿ ಫೌಲ್ ಮಾಡುತ್ತಿದ್ದಳು. ಐದು ಫೌಲ್ ಆದರೆ ಅವಳು ಹೊರಗೆ. ಅದಕ್ಕಿಂತ ದೊಡ್ಡ ತೊಂದರೆ ತಂಡದ ಫೌಲ್‌ದು. ಒಂದು ಕ್ವಾರ್ಟರ್‌ನಲ್ಲಿ ತಂಡದ ನಾಲ್ಕು ಫೌಲ್ ಮುಗಿದ ಮೇಲೆ ಡಿಫೆನ್ಸ್‌ನಲ್ಲಿ ಮಾಡುವ ಪ್ರತಿ ಫೌಲ್‌ಗೂ ಎದುರಾಳಿಗೆ ಎರಡು ಫ್ರೀ ಥ್ರೋ. ಅವಳ ಎರಡು ಕೈ-ಫೌಲ್‌ಗೆ ಇಡೀ ತಂಡ ಬೆಲೆ ತೆರುತ್ತಿತ್ತು. ಇದನ್ನು "ಪಾಪ, ಹೊಸಬಳು" ಅಂತ ಬಿಡೋಕೆ ಆಗುವುದಿಲ್ಲ. ಉಳಿದ ನಾಲ್ವರೂ ಗೆಲ್ಲೋಕೇ ಬಂದವರು.

ಆದರೆ ವಿಡಿಯೋದಲ್ಲಿ ಇನ್ನೊಂದು ವಿಷಯ ಕಂಡಿತು. ಶಾಟ್ ತಪ್ಪಿದ ಕೂಡಲೇ ಅವಳು ಬೆಂಚ್ ಕಡೆ ನೋಡುತ್ತಿದ್ದಳು. ಯಾರಾದರೂ ಎದ್ದು ನಿಂತರಾ, ನನ್ನನ್ನು ಕರೆಯುತ್ತಾರಾ ಅಂತ. ಆ ಕಣ್ಣು ಹೊರಳಿಸಿದ ಹೊತ್ತಿಗೆ ಎದುರಾಳಿ ಅರ್ಧ ಕೋರ್ಟ್ ದಾಟಿರುತ್ತಿದ್ದರು. ಒಂದು ತಪ್ಪಿನ ಭಯ ಎರಡನೇ ತಪ್ಪಿಗೆ ದಾರಿಯಾಗುತ್ತಿತ್ತು. ಮೂರು ನಿಮಿಷ ಆಡಿಸಿ ವಾಪಸ್ ಕೂರಿಸುವ ಪದ್ಧತಿಯಲ್ಲಿ ಇದು ಸರಿಹೋಗುವ ಸಾಧ್ಯತೆಯೇ ಇರಲಿಲ್ಲ. ಅಭ್ಯಾಸದಲ್ಲಿ ನಿಲ್ಲಬೇಕಾದ ಕಡೆ ಸರಿಯಾಗಿ ನಿಲ್ಲುತ್ತಾಳೆ, ಪಂದ್ಯದಲ್ಲಿ ನಿಲ್ಲುವುದಿಲ್ಲ ಅಂದರೆ ಕೊರತೆ ತಿಳಿವಳಿಕೆಯದಲ್ಲ, ಪಂದ್ಯದ ವೇಗಕ್ಕೆ ಒಗ್ಗಿಕೊಳ್ಳುವುದರದು. ಆ ವೇಗ ಪಂದ್ಯದಲ್ಲಿ ಮಾತ್ರ ಸಿಗುತ್ತದೆ. ನನ್ನ ತೀರ್ಮಾನ ಗಟ್ಟಿಯಾದದ್ದು ಇಲ್ಲಿ.

ಕೊಟ್ಟ ರೀತಿ ಹೀಗಿತ್ತು. ಎರಡನೇ ಕ್ವಾರ್ಟರ್‌ನ ಮೊದಲ ಐದು ನಿಮಿಷ ಅವಳದ್ದು ಅಂತ ಮೊದಲೇ ಹೇಳಿಬಿಟ್ಟೆ. ಸಾಮಾನ್ಯವಾಗಿ ಎದುರು ತಂಡವೂ ಆ ಹೊತ್ತಿಗೆ ತನ್ನ ಬೆಂಚ್‌ನವರನ್ನು ಇಳಿಸುತ್ತದೆ. ಅವಳ ಜೊತೆ ಮೂವರು ಸೀನಿಯರ್‌ಗಳು ಇರುವಂತೆ ಉಳಿದವರ ಸರದಿಯನ್ನೂ ಬದಲಿಸಿದೆ. ಹೊಸಬರನ್ನೆಲ್ಲ ಒಟ್ಟಿಗೆ ಇಳಿಸಿದರೆ ಯಾರೂ ಏನೂ ಕಲಿಯುವುದಿಲ್ಲ, ಎಲ್ಲರೂ ಒಟ್ಟಿಗೆ ಮುಳುಗುತ್ತಾರೆ. ಚೆಂಡು ತರುವ ಕೆಲಸ ಅವಳಿಂದ ತೆಗೆದೆ. ಕಾರ್ನರ್‌ನಲ್ಲಿ ನಿಲ್ಲು, ಖಾಲಿ ಸಿಕ್ಕರೆ ಹೊಡಿ, ಇಲ್ಲದಿದ್ದರೆ ಒಂದೇ ಡ್ರಿಬಲ್‌ನಲ್ಲಿ ಪಾಸ್ ಮಾಡು. ಅಷ್ಟೇ ಕೆಲಸ.

"ಈ ಐದು ನಿಮಿಷದಲ್ಲಿ ಐದು ಶಾಟ್ ತಪ್ಪಿದರೂ ನಿನ್ನನ್ನು ತೆಗೆಯಲ್ಲ" ಅಂದೆ. "ಆದರೆ ಡಿಫೆನ್ಸ್‌ಗೆ ವಾಪಸ್ ಓಡದಿದ್ದರೆ ಆ ಕ್ಷಣವೇ ತೆಗೀತೀನಿ."

"ಮೈನಸ್ ಬಂದ್ರೆ, ಸರ್?" ಅಂತ ಕೇಳಿದಳು.

"ಅದು ನನ್ನ ಲೆಕ್ಕ. ನಿನ್ನ ಲೆಕ್ಕ ಸರಿಯಾದ ಹೊತ್ತಿಗೆ ಪೇಂಟ್‌ಗೆ ಬಂದೆಯಾ ಅನ್ನೋದು."

ಸೀನಿಯರ್ ಜೊತೆ ಮಾತಾಡುವುದು ಇದಕ್ಕಿಂತ ಕಷ್ಟದ ಕೆಲಸ. ಅದನ್ನು ಪಂದ್ಯದ ದಿನಕ್ಕೆ ಬಿಡಬಾರದು. ಅಭ್ಯಾಸ ಮುಗಿದ ಮೇಲೆ ಒಬ್ಬಳನ್ನೇ ಕರೆದು ಹೇಳಿದೆ. "ನಾನೇನು ತಪ್ಪು ಮಾಡಿದೆ ಸರ್?" ಅಂದಳು. ತಪ್ಪು ಏನೂ ಇಲ್ಲ ಅಂದೆ. ನಾಲ್ಕನೇ ಕ್ವಾರ್ಟರ್‌ನ ಅವಳದೇ ಶಾಟ್‌ಗಳನ್ನು ವಿಡಿಯೋದಲ್ಲಿ ತೋರಿಸಿದೆ. ಕೊನೆಯ ಐದು ನಿಮಿಷ ನೀನೇ ಆಡಬೇಕು, ಅದಕ್ಕೆ ಕಾಲು ಉಳಿಸಿಕೋ ಅಂದೆ. ಅವಳಿಗೆ ಖುಷಿಯಾಗಲಿಲ್ಲ. ಆಗಬೇಕು ಅಂತ ನಾನೂ ನಿರೀಕ್ಷಿಸಿರಲಿಲ್ಲ. ಆದರೆ ಕಾರಣ ಗೊತ್ತಿತ್ತು, ಬೆನ್ನ ಹಿಂದೆ ನಡೆದದ್ದಲ್ಲ ಅನ್ನೋದೂ ಗೊತ್ತಿತ್ತು. ಮುಂದೆ ಹೊಸಬಳಿಗೆ ಕೋರ್ಟ್‌ನಲ್ಲಿ "ಬಾ, ಈಗ ಬಾ" ಅಂತ ಕೂಗಿ ಹೇಳಿಕೊಟ್ಟವಳು ಇವಳೇ.

ಇಂಥ ಚರ್ಚೆ ಬಂದಾಗಲೆಲ್ಲ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ದಿಗ್ಗಜರ ಹೆಸರು ಬರುತ್ತದೆ. ಡರ್ಕ್ ನೊವಿಟ್ಸ್ಕಿ ಮೊದಲ ಸೀಸನ್‌ನಲ್ಲಿ ಪಂದ್ಯಕ್ಕೆ ಸರಾಸರಿ 8.2 ಪಾಯಿಂಟ್ ಹೊಡೆದಿದ್ದ. ಯಾನಿಸ್ ಆಂಟೆಟೊಕುಂಪೊ 6.8. ಸ್ಟೀವ್ ನ್ಯಾಶ್ 3.3. ಮೂವರೂ ಮುಂದೆ ಎಂವಿಪಿ, ಅಂದರೆ ಸೀಸನ್‌ನ ಅತ್ಯುತ್ತಮ ಆಟಗಾರ ಆದರು. ಕೇಳೋಕೆ ಚೆನ್ನಾಗಿದೆ. ಆದರೆ 2013ರಲ್ಲಿ ಡ್ರಾಫ್ಟ್‌ನ (ತಂಡಗಳು ಸರದಿಯಂತೆ ಹೊಸಬರನ್ನು ಆರಿಸುವ ಪದ್ಧತಿ) ಮೊದಲ ಆಯ್ಕೆಯಾದ ಆಂಟನಿ ಬೆನೆಟ್ ಕೂಡ ಮೊದಲ ಸೀಸನ್‌ನಲ್ಲಿ ಒದ್ದಾಡಿದವನೇ. ಅವನ ಸರಾಸರಿ 4.2. ಅವನು ಮೇಲೆ ಬರಲೇ ಇಲ್ಲ. ಒದ್ದಾಡಿ ಗೆದ್ದವರ ಹೆಸರು ನೆನಪಿರುತ್ತದೆ, ಉಳಿದವರದ್ದು ಮರೆತುಹೋಗುತ್ತದೆ. ಹಾಗಾಗಿ ದೊಡ್ಡ ಹೆಸರು ಹೇಳಿ ನಿಮಿಷ ಕೇಳುವುದನ್ನು ನಾನು ಒಪ್ಪುವುದಿಲ್ಲ.

ಆ ಉದಾಹರಣೆಗಳಲ್ಲಿ ನನಗೆ ಉಪಯೋಗಕ್ಕೆ ಬಂದದ್ದು ಬೇರೆಯೇ. ಯಾನಿಸ್ ಮೊದಲ ಸೀಸನ್‌ನಲ್ಲಿ ಪಂದ್ಯಕ್ಕೆ ಸುಮಾರು 25 ನಿಮಿಷ ಆಡಿದ. ಆ ವರ್ಷ ಮಿಲ್ವಾಕೀ ಬಕ್ಸ್ 82 ಪಂದ್ಯದಲ್ಲಿ ಗೆದ್ದದ್ದು 15 ಮಾತ್ರ. ಕೊಡೋಕೆ ಅವರ ಹತ್ತಿರ ನಿಮಿಷ ಧಾರಾಳವಾಗಿತ್ತು. ಕೋಬಿ ಬ್ರಯಂಟ್ 1996-97ರಲ್ಲಿ ಬಂದಾಗ ಲೇಕರ್ಸ್ 56 ಪಂದ್ಯ ಗೆದ್ದ ತಂಡ, ಅವನ ಜಾಗದಲ್ಲಿ ಎಡ್ಡಿ ಜೋನ್ಸ್ ಇದ್ದ. ಕೋಬಿಗೆ ಸಿಕ್ಕಿದ್ದು ಪಂದ್ಯಕ್ಕೆ ಹದಿನೈದು ನಿಮಿಷ ಚಿಲ್ಲರೆ. ಮರುವರ್ಷ ಅವನು ಲೀಗ್‌ನ ದೊಡ್ಡ ಆಟಗಾರರು ಸೇರಿ ಆಡುವ ಆಲ್-ಸ್ಟಾರ್ ಪಂದ್ಯದ ಮೊದಲ ಐವರಲ್ಲಿ ಇದ್ದ, ತನ್ನ ತಂಡದಲ್ಲಿ ಮಾತ್ರ ಬೆಂಚ್‌ನಿಂದಲೇ ಬರುತ್ತಿದ್ದ. ಆಟಗಾರ ಎಷ್ಟು ಅರ್ಹ ಅನ್ನುವುದರ ಜೊತೆಗೆ ತಂಡ ಎಲ್ಲಿ ನಿಂತಿದೆ ಅನ್ನೋದೂ ಸೇರಿಯೇ ನಿಮಿಷ ತೀರ್ಮಾನವಾಗುತ್ತದೆ. ನಮ್ಮದು ಮಧ್ಯದ ತಂಡ. ಪ್ರತಿ ಗೆಲುವು ಮುಖ್ಯ, ಆದರೆ ಮುಂದಿನ ಸೀಸನ್‌ಗೆ ಗಾರ್ಡ್ ತಯಾರಾಗಬೇಕಾದದ್ದೂ ಅಷ್ಟೇ ಮುಖ್ಯ. ಆ ಐದು ನಿಮಿಷ ಬಂದದ್ದು ಈ ಲೆಕ್ಕದಿಂದ.

ಫಲ ನಿಧಾನಕ್ಕೆ ಕಂಡಿತು. ಮೊದಲು ಬದಲಾದದ್ದು ಅವಳ ಕಣ್ಣು. ಬೆಂಚ್ ನೋಡುವುದು ನಿಂತಿತು. ಆಮೇಲೆ ಕೈ-ಫೌಲ್ ಕಡಿಮೆಯಾಯಿತು, ಯಾಕೆಂದರೆ ಮೊದಲೇ ಜಾಗಕ್ಕೆ ಬಂದವಳಿಗೆ ಕೈ ಹಾಕುವ ಅಗತ್ಯ ಇರುವುದಿಲ್ಲ. ಶಾಟ್ ಬೀಳೋಕೆ ಶುರುವಾದದ್ದು ಎಲ್ಲಕ್ಕಿಂತ ಕೊನೆಗೆ. ಶಾಟ್‌ಗಾಗಿ ಕಾಯುತ್ತಿದ್ದವರಿಗೆ ಆಗಲೇ ಅವಳು "ಫಾರ್ಮ್‌ಗೆ ಬಂದಳು" ಅನ್ನಿಸಿತು. ನಾನು ಅದಕ್ಕಿಂತ ಮೊದಲೇ ಮೂರನೇ ಕ್ವಾರ್ಟರ್‌ನಲ್ಲೂ ಅವಳಿಗೆ ಒಂದು ಸರದಿ ಸೇರಿಸಿದ್ದೆ.

ಬಿಗಿಯಾದ ಪಂದ್ಯದ ಕೊನೆಯ ಐದು ನಿಮಿಷಕ್ಕೆ ಆ ಸೀಸನ್‌ನಲ್ಲಿ ಅವಳನ್ನು ಇಳಿಸಲಿಲ್ಲ. ಕೇಳಿದವರಿಗೆ ಕಾರಣ ನೇರವಾಗಿ ಹೇಳಿದೆ. ಆ ಹೊತ್ತಿನಲ್ಲಿ ಇಳಿಸಿದ್ದರೆ ಎದುರಾಳಿ ಹುಡುಕಿ ಹುಡುಕಿ ಅವಳ ಮೇಲೇ ಪಿಕ್ ಅಂಡ್ ರೋಲ್ ಹಾಕುತ್ತಿದ್ದರು. ಸ್ಕ್ರೀನ್ ದಾಟಿ ಬರುವಾಗ ಅವಳು ಇನ್ನೂ ಒಂದು ಹೆಜ್ಜೆ ಹಿಂದೆ ಇದ್ದಳು. ಸೀಸನ್ ಮುಗಿದ ಮೇಲೆ ನಾವಿಬ್ಬರೂ ಕೂತು ಬರೆದುಕೊಂಡ ಪಟ್ಟಿಯಲ್ಲಿ ಮೊದಲು ಇದ್ದದ್ದು ಅದೇ: ಸ್ಕ್ರೀನ್ ದಾಟುವಾಗ ಸೊಂಟ ಕಿರಿದು ಮಾಡಿ, ಭುಜ ಮೊದಲು ನುಗ್ಗಿಸುವುದು. ಆಫ್-ಸೀಸನ್‌ನಲ್ಲಿ ಅವಳಿಗೆ ಸ್ಕ್ರೀನ್ ಹಾಕೋಕೆ ನಿಲ್ಲುತ್ತೇನೆ ಅಂತ ಆ ಸೀನಿಯರ್ ಗಾರ್ಡ್ ತಾನಾಗಿಯೇ ಹೇಳಿದಳು.