ಓಪನ್ ಜಿ ಶ್ರುತಿಯಲ್ಲಿ ಆರ್ಪೆಜಿಯೋ: ತಂತಿಯನ್ನು ನುಡಿಯಲು ಬಿಡಿ

ಮಂಗಳೂರಿನ ಚರ್ಚ್ ಗಾಯನ ತಂಡಗಳಲ್ಲಿ, ಮಣಿಪಾಲದ ಹಾಸ್ಟೆಲ್‌ಗಳಲ್ಲಿ ಗಿಟಾರ್ ಹಿಡಿದ ಎಷ್ಟೋ ಮಕ್ಕಳು ಓಪನ್ ಜಿಗೆ, ಅಂದರೆ ಖಾಲಿ ತಂತಿಗಳನ್ನು ಮೀಟಿದರೇ ಜಿ ಕಾರ್ಡ್ ನುಡಿಯುವಂತೆ, ಶ್ರುತಿ ಬದಲಿಸಿ, ಮರುಕ್ಷಣವೇ ಎಲ್ಲ ತಂತಿಗಳನ್ನೂ ಒಟ್ಟಿಗೆ ಬರಬರ ಸ್ಟ್ರಮ್ ಮಾಡತೊಡಗುತ್ತಾರೆ. ಈ ಶ್ರುತಿಯ ಸೊಗಸಿರುವುದು ತಂತಿಗಳನ್ನು ಒಂದೊಂದಾಗಿ ಮೀಟಿ, ನಾದಗಳು ಒಂದರೊಳಗೊಂದು ಬೆರೆಯುವಂತೆ ಬಿಡುವುದರಲ್ಲಿ, ಅಂದರೆ ಆರ್ಪೆಜಿಯೋದಲ್ಲಿ.

ಮೊದಲು ಶ್ರುತಿ. ಆರನೇ (ಅತಿ ದಪ್ಪ) ಮತ್ತು ಒಂದನೇ (ಅತಿ ತೆಳು) ತಂತಿಗಳನ್ನು ಡಿಗೆ, ಐದನೆಯದನ್ನು ಜಿಗೆ ಇಳಿಸಿ. ಉಳಿದ ಮೂರನ್ನು ಮುಟ್ಟಬೇಡಿ. ಆರು ಮತ್ತು ಒಂದನ್ನು ನಾಲ್ಕನೇ ತಂತಿಯೊಂದಿಗೆ, ಐದನ್ನು ಮೂರನೆಯದರೊಂದಿಗೆ ಹೊಂದಿಸಿ. ಸ್ಥಾಯಿ ಬೇರೆ, ಸ್ವರ ಅದೇ. ಐದನೇ ತಂತಿಯಿಂದ ಕೆಳಗೆ ಸ ಪ ಸ ಗ ಪ ಕೇಳಬೇಕು. ಬೇಕಾದ ಸ್ವರಕ್ಕಿಂತ ತುಸು ಕೆಳಗಿಳಿಸಿ, ಬಿಗಿಮಾಡುತ್ತಾ ಮೇಲೆ ಬನ್ನಿ. ಇಲ್ಲವಾದರೆ ನಾಲ್ಕು ಸಲ ಮೀಟುವಷ್ಟರಲ್ಲಿ ಜಾರುತ್ತದೆ. ಮೊಬೈಲ್ ಟ್ಯೂನರ್ ಬಳಸುವವರು ಹನ್ನೆರಡೂ ಸ್ವರಗಳನ್ನು ಗುರುತಿಸುವ ಕ್ರೊಮ್ಯಾಟಿಕ್ ಮೋಡ್‌ಗೆ ಹಾಕಿಕೊಳ್ಳಿ. ಗೇಜ್ (ದಪ್ಪದ ಅಳತೆ) 10ರ ತೆಳು ತಂತಿ ಇಲ್ಲಿ ಸಡಿಲವಾಗಿ ಫ್ರೆಟ್‌ಗೆ ಬಡಿಯುತ್ತದೆ, ದಪ್ಪನೆಯ 12 ಹಾಕಿ.

ಎಲ್ಲರೂ ಎಡವುವುದು ಬಲಗೈಯಲ್ಲಿ. ಹೆಬ್ಬೆರಳಿಗೆ ಐದನೇ ತಂತಿ, ತೋರುಬೆರಳಿಗೆ ಮೂರು, ನಡುಬೆರಳಿಗೆ ಎರಡು, ಉಂಗುರಬೆರಳಿಗೆ ಒಂದು. ಆರನೆಯದರಿಂದ ಶುರುಮಾಡಬೇಡಿ, ಅದು ಪಂಚಮ. ಷಡ್ಜ ಇರುವುದು ಐದರಲ್ಲಿ. ಬಾಯಲ್ಲಿ ‘ತಕಿಟ ತಕಿಟ’ ಹೇಳುತ್ತಾ ಐದು-ಮೂರು-ಎರಡು, ಒಂದು-ಎರಡು-ಮೂರು ಮೀಟಿ. ಏರುವಾಗ ಎಲ್ಲರದ್ದೂ ಚೆನ್ನಾಗಿರುತ್ತದೆ. ಇಳಿಯುವಾಗ ನಡುಬೆರಳು ಆತುರದಿಂದ ಮೊದಲೇ ಹೋಗಿ ಎರಡನೇ ತಂತಿಯ ಮೇಲೆ ಕುಳಿತುಬಿಡುತ್ತದೆ, ಇನ್ನೂ ನುಡಿಯುತ್ತಿದ್ದ ನಾದ ಅಲ್ಲೇ ಸಾಯುತ್ತದೆ. ಬೆರಳು ತಂತಿಯನ್ನು ಮುಟ್ಟುವುದೂ ಮೀಟುವುದೂ ಒಂದೇ ಗಳಿಗೆಯಲ್ಲಿ ಆಗಬೇಕು. ಹೆಬ್ಬೆರಳು ಮೀಟಿದ ಮೇಲೆ ನಾಲ್ಕನೇ ತಂತಿಗೆ ಒರಗಬಾರದು, ಹೊರಕ್ಕೆ ಬರಬೇಕು. ಮೆಟ್ರೊನೋಮ್ 60ರಲ್ಲಿಟ್ಟು ಪ್ರತಿ ತಟ್ಟಿಗೆ ಒಂದೇ ತಂತಿ ಮೀಟಿ, ಹಿಂದಿನ ನಾದ ಉಳಿದಿದೆಯೇ ಎಂದು ಕಿವಿಗೊಡಿ. ಪಿಕ್ ಹಿಡಿದು ಇದನ್ನು ಕಲಿಯುವ ಅಡ್ಡದಾರಿ ಬೇಡವೇ ಬೇಡ.

ಎಡಗೈ ಸುಲಭ: ಐದನೇ ಫ್ರೆಟ್‌ನಲ್ಲಿ ಬೆರಳು ಅಡ್ಡ ಒತ್ತಿದರೆ ಸಿ ಕಾರ್ಡ್, ಏಳರಲ್ಲಿ ಡಿ. ಇನ್ನೂ ಇಂಪು ಬೇಕೆಂದರೆ ಸಿಗೆ ಎರಡನೇ ತಂತಿಯ ಮೊದಲ ಫ್ರೆಟ್, ನಾಲ್ಕನೆಯದರ ಎರಡನೇ ಫ್ರೆಟ್ ಒತ್ತಿ, ಉಳಿದವನ್ನು ಖಾಲಿ ಬಿಡಿ. ನನಗೆ ಇದೇ ಮೆಚ್ಚು. ಕಾರ್ಡ್ ಬದಲಿಸುವಾಗ ಕೊನೆಯ ‘ಟ’ವನ್ನು ಖಾಲಿ ಮೂರನೇ ತಂತಿಯಲ್ಲೇ ನುಡಿಸಿ, ಅಷ್ಟರಲ್ಲಿ ಎಡಗೈ ಹೊಸ ಜಾಗ ಸೇರುತ್ತದೆ, ನಾದ ಕಡಿಯುವುದಿಲ್ಲ.

ನುಡಿಸಿದ ಮೇಲೆ ತಂತಿಗಳನ್ನು ಒಣಬಟ್ಟೆಯಲ್ಲಿ ಒರೆಸಿ. ನಮ್ಮ ಕರಾವಳಿಯ ಹವೆಗೆ ತುಕ್ಕು ಬೇಗ, ತುಕ್ಕು ಹಿಡಿದ ಒಂದನೇ ತಂತಿಯನ್ನು ಡಿಯಿಂದ ಮತ್ತೆ ಇಗೆ ಏರಿಸುವಾಗ ತುಂಡಾಗುತ್ತದೆ.