500 ಜಿಬಿ ಇಮೇಜ್ 90 ಜಿಬಿಗೆ ಇಳಿದದ್ದು: ನನ್ನ ಅನುಭವ

ಕೊಡಗಿನ ಗೋಣಿಕೊಪ್ಪಲಿನ ನನ್ನ ಅಂಗಡಿಗೆ ರಿಪೇರಿಗೆ ಬರುವ ಕಂಪ್ಯೂಟರ್‌ಗಳಲ್ಲಿ ಹೆಚ್ಚಿನವು ಕಾಫಿ ತೋಟದ ಆಫೀಸಿನವು, ಉಳಿದವು ಹೋಂಸ್ಟೇ ಮತ್ತು ಸ್ಟುಡಿಯೋಗಳವು. ಫಾರ್ಮ್ಯಾಟ್ ಮಾಡುವ ಮೊದಲು ಗಿರಾಕಿಯನ್ನು ಕೇಳಿ ಡಿಸ್ಕಿನ ಪೂರ್ತಿ ಇಮೇಜ್, ಅಂದರೆ ಇಡೀ ಡಿಸ್ಕಿನ ಯಥಾಪ್ರತಿಯನ್ನು ಒಂದೇ ಫೈಲಾಗಿ, ತೆಗೆದಿಡುತ್ತೇನೆ. ಆರು ತಿಂಗಳ ಮೇಲೆ ತೋಟದ ರೈಟರ್ (ಗುಮಾಸ್ತ) ಬಂದು "ಹಳೇ ಚೆಕ್‌ರೋಲ್ ಫೈಲ್ ಸಿಗ್ತದಾ?" ಎಂದು ಕೂಲಿಯವರ ಹಾಜರಿ ಪಟ್ಟಿ ಕೇಳಿದರೆ ಕೊಡಲೇಬೇಕು. ಆದರೆ 4 ಟಿಬಿ ಡಿಸ್ಕಿಗೆ 500 ಜಿಬಿಯ ಇಂಥ ಎಂಟು ಇಮೇಜ್ ಹಾಕಿದರೆ ಜಾಗ ಮುಗಿಯಿತು. ಎರಡು ವರ್ಷದಲ್ಲಿ ಮೂರು ಡಿಸ್ಕ್ ಕೊಂಡೆ, ಒಂದೊಂದಕ್ಕೆ ಒಂಬತ್ತು ಸಾವಿರದ ಆಸುಪಾಸು. ಕುಗ್ಗಿಸಿ ಇಡುತ್ತೇನೆ ಅಂದಾಗ ಇದೇ ಕೆಲಸದವರು ಒಪ್ಪಲಿಲ್ಲ. "ಕುಗ್ಗೋದು ಅಷ್ಟಕ್ಕಷ್ಟೆ, ಬಿಚ್ಚೋಕೆ ಮತ್ತೊಂದು ಡಿಸ್ಕ್ ಬೇಕು" ಎಂದರು.

ಮೊದಲು ಅವರು ಹೇಳಿದ ಹಾಗೇ ಆಯಿತು. 120 ಜಿಬಿಯಷ್ಟೇ ಬಳಸಿದ್ದ 500 ಜಿಬಿ ಡಿಸ್ಕಿನ ಇಮೇಜನ್ನು ಫೈಲ್ ಕುಗ್ಗಿಸುವ ಸೆವೆನ್‌ಜಿಪ್‌ಗೆ ಕೊಟ್ಟೆ. ಹದಿನಾಲ್ಕು ತಾಸು ಓಡಿ 380 ಜಿಬಿಗೆ ನಿಂತಿತು. ಖಾಲಿ ಎಂದು ತೋರಿಸುವ ಜಾಗ ನಿಜಕ್ಕೂ ಖಾಲಿ ಇರುವುದಿಲ್ಲ. ಹಿಂದೆ ಅಳಿಸಿದ ಫೋಟೋ, ವಿಡಿಯೋಗಳ ಬಿಟ್‌ಗಳು ಅಲ್ಲೇ ಕೂತಿರುತ್ತವೆ, ಅವು ಮೊದಲೇ ಕುಗ್ಗಿದ ಸರಕು. ಅದೂ ಅಲ್ಲದೆ ಒಂದು ಸಣ್ಣ ಫೈಲ್ ಬೇಕಾದರೂ ಇಡೀ ಗಂಟು ಬಿಚ್ಚಬೇಕು. ಕ್ಯೂಕೌ2 ಎಂಬ ಡಿಸ್ಕ್ ಇಮೇಜ್ ನಮೂನೆಗೂ ಬದಲಿಸಿ ನೋಡಿದೆ. ಬಿಚ್ಚದೆ ತೆರೆಯುತ್ತದೆ ನಿಜ, ಆದರೆ 64 ಕೆಬಿಯ ಚೂರುಗಳಾಗಿ ಕುಗ್ಗಿಸುವುದರಿಂದ ಉಳಿತಾಯ ಕಮ್ಮಿ.

ಕೊನೆಗೆ ಕೈಹಿಡಿದದ್ದು ಖಾಲಿ ಜಾಗಕ್ಕೆ ಸೊನ್ನೆ ತುಂಬಿ ಸ್ಕ್ವಾಶ್‌ಎಫ್‌ಎಸ್‌ಗೆ (ಕುಗ್ಗಿಸಿಟ್ಟು, ಬಿಚ್ಚದೆಯೇ ಓದಬಹುದಾದ ಲಿನಕ್ಸ್ ಫೈಲ್ ವ್ಯವಸ್ಥೆ) ಹಾಕುವ ದಾರಿ. ಬರೀ ಸೊನ್ನೆಗಳಾದರೆ ಕುಗ್ಗಿಸಿದಾಗ ಹೆಚ್ಚುಕಮ್ಮಿ ಜಾಗವೇ ಹಿಡಿಯುವುದಿಲ್ಲ. ಗಿರಾಕಿಯ ಡಿಸ್ಕನ್ನು ಮುಟ್ಟುವುದಿಲ್ಲ, ಎಲ್ಲವೂ ಲಿನಕ್ಸ್‌ನಲ್ಲಿ ತೆಗೆದ ಇಮೇಜಿನ ಮೇಲೆಯೇ. ಪಾರ್ಟಿಷನ್ (ಡಿಸ್ಕಿನ ಒಂದು ಭಾಗ) ಇಮೇಜನ್ನು ಲೂಪ್ ಮೌಂಟ್ ಮಾಡಿ, ಅಂದರೆ ಆ ಫೈಲನ್ನೇ ಡಿಸ್ಕಿನಂತೆ ತೆರೆದು, ವಿಂಡೋಸ್ ತನ್ನ ಕೆಲಸಕ್ಕೆ ಇಟ್ಟುಕೊಳ್ಳುವ ಪೇಜ್‌ಫೈಲ್, ಹೈಬರ್‌ಫಿಲ್ ಎರಡನ್ನೂ ಅಳಿಸುತ್ತೇನೆ. ವಿಂಡೋಸ್ ಪೂರ್ತಿ ಆರದೆ ಫಾಸ್ಟ್ ಸ್ಟಾರ್ಟಪ್‌ನಲ್ಲಿ ನಿಂತಿದ್ದರೆ ಮೌಂಟ್ ಓದುವುದಕ್ಕಷ್ಟೇ ಸಿಗುತ್ತದೆ, ಆಗ ವಿಂಡೋಸ್ ಡಿಸ್ಕನ್ನು ಲಿನಕ್ಸ್‌ನಲ್ಲಿ ತೆರೆಯುವ ಎನ್‌ಟಿಎಫ್‌ಎಸ್-3ಜಿಗೆ 'ರಿಮೂವ್ ಹೈಬರ್‌ಫೈಲ್' ಆಯ್ಕೆ ಕೊಡಬೇಕು. ಆಮೇಲೆ ಜಾಗ ಮುಗಿಯುವವರೆಗೂ ಸೊನ್ನೆಗಳದೇ ಒಂದು ಫೈಲ್ ಬರೆದು, ಸಿಂಕ್ ಕೊಟ್ಟು (ಮೆಮೊರಿಯಲ್ಲಿ ಉಳಿದದ್ದನ್ನು ಡಿಸ್ಕಿಗೆ ಬರೆಸುವ ಆಜ್ಞೆ), ಸೊನ್ನೆಯ ಫೈಲನ್ನು ಅಳಿಸಿ, ಅನ್‌ಮೌಂಟ್. ಸಿಂಕ್ ಮರೆತು ಅಳಿಸಿದರೆ ಕೊನೆಯ ಒಂದಷ್ಟು ಜಾಗಕ್ಕೆ ಸೊನ್ನೆ ಬೀಳುವುದೇ ಇಲ್ಲ. ಅಳಿಸಿಹೋದ ಫೈಲ್ ಹುಡುಕಿಕೊಡಬೇಕಾದ ಡಿಸ್ಕಾದರೆ ಸೊನ್ನೆಯ ಹತ್ತಿರವೂ ಹೋಗಬಾರದು.

ಸ್ಕ್ವಾಶ್‌ಎಫ್‌ಎಸ್‌ನಲ್ಲಿ ಕುಗ್ಗಿಸುವ ವಿಧಾನಕ್ಕೆ ಝೆಡ್‌ಸ್ಟ್ಯಾಂಡರ್ಡ್ ಮಟ್ಟ 15, ಒಂದು ಸಲಕ್ಕೆ ಕುಗ್ಗಿಸುವ ಬ್ಲಾಕ್ 1 ಎಂಬಿ ಇಡುತ್ತೇನೆ. ಸುಮ್ಮನೆ ಬಿಟ್ಟರೆ ಬ್ಲಾಕ್ 128 ಕೆಬಿ ಆಗುತ್ತದೆ, ಗಾತ್ರ ಹೆಚ್ಚುತ್ತದೆ. ಮಟ್ಟ 22ಕ್ಕೂ ಏರಿಸಿ ನೋಡಿದೆ: ಉಳಿದದ್ದು ಎರಡೋ ಮೂರೋ ಜಿಬಿ, ಹಿಡಿದ ಹೊತ್ತು ನಾಲ್ಕು ಪಟ್ಟು. ಅದೇ 500 ಜಿಬಿ ಇಮೇಜ್ ಆರು ಕೋರಿನ ಯಂತ್ರದಲ್ಲಿ ಸುಮಾರು ಎರಡು ತಾಸಿಗೆ 90 ಜಿಬಿಗೆ ಬಂತು. ತೆರೆಯುವಾಗ ಸ್ಕ್ವಾಶ್ ಫೈಲನ್ನು ಮೌಂಟ್ ಮಾಡಿ, ಒಳಗಿನ ಇಮೇಜನ್ನು ಓದುವುದಕ್ಕಷ್ಟೇ ಮತ್ತೆ ಲೂಪ್ ಮಾಡಿದರೆ ಮುಗಿಯಿತು. ಚೆಕ್‌ರೋಲ್ ಒಂದು ನಿಮಿಷದಲ್ಲಿ ರೈಟರ ಪೆನ್‌ಡ್ರೈವ್‌ನಲ್ಲಿ. ಬಿಚ್ಚೋಕೆ ಮತ್ತೊಂದು ಡಿಸ್ಕ್ ಬೇಕು ಎಂದವರನ್ನು ಕರೆದು ಕೂರಿಸಿ ಇದನ್ನೇ ತೋರಿಸಿದೆ.

ಮೂಲ ಇಮೇಜ್ ಅಳಿಸುವ ಮುನ್ನ ಶಾ-256 ಮೊತ್ತ (ಫೈಲಿನ ಎಲ್ಲ ಬಿಟ್‌ಗಳಿಂದ ಲೆಕ್ಕ ಹಾಕುವ ಗುರುತಿನ ಸಂಖ್ಯೆ) ತಾಳೆ ನೋಡಲೇಬೇಕು. ಸೊನ್ನೆ ತುಂಬಿದ ಮೇಲೆ ತೆಗೆದ ಮೊತ್ತ, ಸ್ಕ್ವಾಶ್ ಒಳಗಿನ ಇಮೇಜಿನ ಮೊತ್ತ ಎರಡೂ ಒಂದೇ ಇರಬೇಕು. ಸೊನ್ನೆಗೆ ಮೊದಲು ತೆಗೆದ ಮೊತ್ತದ ಜೊತೆ ಹೋಲಿಸಿದರೆ ತಾಳೆಯಾಗುವುದಿಲ್ಲ, ನಾನು ಒಮ್ಮೆ ಈ ತಪ್ಪಿನಿಂದ ಸರಿಯಿದ್ದ ಫೈಲನ್ನೇ ಎಸೆದಿದ್ದೇನೆ. ಕುಗ್ಗಿಸಿದ ಫೈಲಿನಲ್ಲಿ ಒಂದು ಬಿಟ್ ಕೆಟ್ಟರೂ ಇಡೀ ಬ್ಲಾಕ್ ಹೋಗುತ್ತದೆ. ಅದಕ್ಕೆ ಕೆಟ್ಟ ಫೈಲನ್ನು ಸರಿಪಡಿಸುವ ಪಾರ್2 ಸಲಕರಣೆಯಿಂದ ನೂರಕ್ಕೆ ಐದರಷ್ಟು ದುರಸ್ತಿ ಡೇಟಾ ಸೇರಿಸುತ್ತೇನೆ.

ನಮ್ಮ ಮಳೆಗಾಲ ಗೊತ್ತಿದ್ದದ್ದೇ. ತಂತಿಯ ಮೇಲೆ ಸಿಲ್ವರ್ ಓಕ್ ಬಿದ್ದರೆ ದಿನಗಟ್ಟಲೆ ಕರೆಂಟ್ ಇಲ್ಲ, ಯುಪಿಎಸ್ ಅರ್ಧ ತಾಸಿನ ಮಾತು. ಅರ್ಧಕ್ಕೆ ನಿಂತ ಸ್ಕ್ವಾಶ್ ಮುಂದುವರಿಯುವುದಿಲ್ಲ, ಮೊದಲಿಂದ ಶುರು ಮಾಡಬೇಕು. ಒಂದು ಜುಲೈನಲ್ಲಿ ಒಂದೇ ಇಮೇಜಿಗೆ ನಾಲ್ಕು ಸಲ ಕೂತಿದ್ದೇನೆ. ಅಲ್ಲಿಂದ ಇಡೀ ಡಿಸ್ಕಿನ ಬದಲು ಪಾರ್ಟಿಷನ್ ಒಂದೊಂದನ್ನೇ ತೆಗೆದು, ಯಾವ ಭಾಗ ಎಲ್ಲಿದೆ ಎಂಬ ಪಾರ್ಟಿಷನ್ ಟೇಬಲನ್ನು ಬೇರೆ ಫೈಲಿನಲ್ಲಿ ಇಡುತ್ತಿದ್ದೇನೆ.

ಬಿಟ್‌ಲಾಕರ್ (ವಿಂಡೋಸ್‌ನ ಗೂಢಲಿಪಿ ಬೀಗ) ಹಾಕಿದ ಡಿಸ್ಕ್ ಹಾಗೇ ಕೊಟ್ಟರೆ ಒಂದಿಷ್ಟೂ ಇಳಿಯುವುದಿಲ್ಲ. ಗಿರಾಕಿಯಿಂದ ಕೀ ಪಡೆದು, ಬೀಗ ತೆಗೆದ ಮೇಲೆ ಇಮೇಜ್ ಮಾಡಬೇಕು. ಸ್ಟುಡಿಯೋದವರ ಮದುವೆ ಡಿವಿಡಿ ಐಎಸ್ಒಗಳನ್ನೂ (ಡಿವಿಡಿಯ ಇಮೇಜ್ ಫೈಲ್) ಹಾಕಿ ನೋಡಿದೆ. ಒಳಗಿರುವುದು ಮೊದಲೇ ಕುಗ್ಗಿದ ಎಂಪೆಗ್-2 ವಿಡಿಯೋ, 4.3 ಜಿಬಿಯದ್ದು 4.2ಕ್ಕೆ ನಿಂತಿತು, ಅವನ್ನು ಹಾಗೇ ಇಟ್ಟಿದ್ದೇನೆ. ವಿಂಡೋಸ್ ಐಎಸ್ಒ ಮಾತ್ರ ಚೆನ್ನಾಗಿ ಇಳಿಯುತ್ತದೆ. ಒಳಗಿನ ಇನ್‌ಸ್ಟಾಲ್ ವಿಮ್ ಫೈಲನ್ನು (ವಿಂಡೋಸ್‌ನ ಮುಖ್ಯ ಸರಕು) ವಿಮ್‌ಲಿಬ್ ಸಲಕರಣೆಯಿಂದ ಇನ್ನೂ ಬಿಗಿಯಾಗಿ ಕುಗ್ಗುವ ಇಎಸ್‌ಡಿ ಮಾಡಿದಾಗ 4.6 ಜಿಬಿ ಇದ್ದದ್ದು 3.3ರ ಸುಮಾರಿಗೆ ಬಂತು. 4 ಜಿಬಿ ಮೀರಿದ ಫೈಲ್ ಫ್ಯಾಟ್32 ಪೆನ್‌ಡ್ರೈವ್‌ಗೆ ಹೋಗದ ತಾಪತ್ರಯವೂ ಅಲ್ಲಿಗೆ ತೀರಿತು.