ಎಳೆದು ಬಿಟ್ಟರೆ ಸರ್ವರ್‌ಗೆ: ನನ್ನ ಅನುಭವ

ದಾವಣಗೆರೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಬಿಲ್ ಬುಕ್ಕು, ಫ್ಲೆಕ್ಸ್ ಎಲ್ಲ ಡಿಸೈನ್ ಮಾಡುತ್ತೇವೆ. ಪ್ರೂಫ್ ನೋಡಬೇಕಾದವರು ಜಗಳೂರು, ಹೊಳಲ್ಕೆರೆ, ದುರ್ಗದಲ್ಲಿ ಇರುತ್ತಾರೆ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಮಾಡಿ ಕಳಿಸಿದರೆ ಚಿತ್ರ ಕುಗ್ಗಿ ಒತ್ತಕ್ಷರ ಕಲಸಿಹೋಗುತ್ತವೆ. ಲಗ್ನಪತ್ರಿಕೆಯಲ್ಲಿ ಹಿರಿಯರ ಹೆಸರಿನ ಒಂದು ಒತ್ತು ತಪ್ಪಿದರೂ ಬೇಜಾರೇ, ಅಲ್ವಾ? ಅದಕ್ಕೇ ಸಣ್ಣದೊಂದು ಸರ್ವರ್ (ಇಂಟರ್ನೆಟ್ ಮೂಲಕ ಫೈಲ್ ಕೊಡುವ ದೂರದ ಕಂಪ್ಯೂಟರ್) ಬಾಡಿಗೆಗೆ ತಗೊಂಡು, ಪಿಡಿಎಫ್ ಅಲ್ಲಿಗೆ ಹಾಕಿ ಲಿಂಕ್ ಕೊಡುತ್ತೇವೆ.

ಸರ್ವರ್‌ಗೆ ಫೈಲ್ ಕಳಿಸುವ ಸಾಫ್ಟ್‌ವೇರ್ ತೆರೆದರೆ ಎಡಕ್ಕೆ ನಮ್ಮ ಕಂಪ್ಯೂಟರ್‌ನ ಫೈಲ್, ಬಲಕ್ಕೆ ಸರ್ವರ್‌ನ ಫೈಲ್ ತೋರಿಸುವ ದೊಡ್ಡ ಕಿಟಕಿ ಬರುತ್ತದೆ. ಅದು ನನಗೆ ಸರಿ. ಅಂಗಡಿಯ ಹುಡುಗರಿಗೆ ಅದೆಲ್ಲ ಯಾಕೆ? ಈ ಫೈಲ್ ಅಲ್ಲಿಗೆ ಹೋದರೆ ಅವರ ಕೆಲಸ ಮುಗಿಯಿತು.

ನಾನು ಹಾಕಿಕೊಂಡಿದ್ದು ವಿನ್‌ಎಸ್‌ಸಿಪಿ ಅನ್ನುವ ಅಂಥದೊಂದು ಸಾಫ್ಟ್‌ವೇರ್. ವಿಂಡೋಸ್‌ಗೆ ಉಚಿತವಾಗಿ ಸಿಗುತ್ತದೆ. ಸರ್ವರ್ ವಿವರ ಕೊಟ್ಟು ಅದನ್ನು ಒಂದು 'ಸೈಟ್' ಅಂತ ಸೇವ್ ಮಾಡಿದೆ. ಅಡ್ವಾನ್ಸ್ಡ್ ಒಳಗೆ ಡೈರೆಕ್ಟರೀಸ್‌ಗೆ ಹೋಗಿ, ಫೈಲ್ ಬೀಳಬೇಕಾದ ಫೋಲ್ಡರ್ ಹೇಳಿದೆ. ಆಮೇಲೆ ಆ ಸೈಟ್‌ಗೆ ಡೆಸ್ಕ್‌ಟಾಪ್ ಐಕಾನ್ ಮಾಡಿದೆ. ಈಗ ಡಿಸೈನ್ ಮಾಡುವ ಕೋರಲ್‌ಡ್ರಾದಿಂದ ಪಿಡಿಎಫ್ ತೆಗೆದು ಆ ಐಕಾನ್ ಮೇಲೆ ಎಳೆದು ಬಿಟ್ಟರೆ ಸಾಕು. ರೈಟ್ ಕ್ಲಿಕ್ ಮಾಡಿ 'ಸೆಂಡ್ ಟು' ಅನ್ನುವ ದಾರಿಯೂ ಇದೆ.

ಆದರೆ ಐಕಾನ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಅದೇ ದೊಡ್ಡ ಕಿಟಕಿ ತೆರೆಯುತ್ತದೆ. ಹಾಗಾಗಿ ಬೇಲಿ ಹಾಕಬೇಕಾದ್ದು ಸರ್ವರ್ ಕಡೆ. ಅಂಗಡಿಗೆ ಅಂತಲೇ ಬೇರೆ ಯೂಸರ್ ಮಾಡಿ, ಅದನ್ನು ಪ್ರೂಫ್ ಫೋಲ್ಡರ್‌ನಿಂದ ಆಚೆ ಹೋಗದ ಹಾಗೆ ಕಟ್ಟಿಹಾಕಿದ್ದೇನೆ. ಇದೊಂದು ಮಾಡದೆ ಐಕಾನ್ ಯಾರ ಕೈಗೂ ಕೊಡಬೇಡಿ. ಇನ್ನು ಫೈಲ್ ಕಳಿಸುವ ಹಳೆಯ ವಿಧಾನವಾದ ಎಫ್‌ಟಿಪಿ ಬೇಡವೇ ಬೇಡ. ಅದರ ಮೊದಲ ರೂಪ 1971ರದ್ದು. ಬರೆದವರು ಐಐಟಿ ಕಾನ್ಪುರದಲ್ಲಿ ಓದಿದ ಅಭಯ್ ಭೂಷಣ್ ಅನ್ನೋದು ನನಗೆ ಹೆಮ್ಮೆಯೇ. ಆದರೆ ಅದರಲ್ಲಿ ಪಾಸ್‌ವರ್ಡ್ ಮುಚ್ಚುಮರೆ ಇಲ್ಲದೆ ಹೋಗುತ್ತದೆ. ಅದರ ಬದಲು ಎಸ್‌ಎಫ್‌ಟಿಪಿ ಅನ್ನುವ ಸುರಕ್ಷಿತ ವಿಧಾನ ಆರಿಸಿ, ಪೋರ್ಟ್ (ಸಂಪರ್ಕದ ಬಾಗಿಲಿನ ನಂಬರ್) 22 ಇರಲಿ. ಅದರಲ್ಲಿ ಎಲ್ಲವೂ ಗೂಢಲಿಪಿಯಲ್ಲೇ ಸಾಗುತ್ತದೆ.

ನನಗೆ ತುಂಬ ಹಿಡಿಸಿದ್ದು ಇನ್ನೊಂದು. ವಿನ್‌ಎಸ್‌ಸಿಪಿಯಿಂದ ಎಸ್‌ಎಫ್‌ಟಿಪಿಯಲ್ಲಿ 100 ಕೆಬಿಗಿಂತ ದೊಡ್ಡ ಫೈಲ್ ಹೋಗುವಾಗ ಅದರ ಹೆಸರಿನ ಕೊನೆಗೆ '.ಫೈಲ್‌ಪಾರ್ಟ್' ಅಂತ ಅಂಟಿಕೊಂಡಿರುತ್ತದೆ. ಪೂರ್ತಿ ತಲುಪಿದ ಮೇಲೆ ಮಾತ್ರ ಸರಿಯಾದ ಹೆಸರು ಬರುತ್ತದೆ. ಫ್ಲೆಕ್ಸ್ ಫೈಲ್ ಹೋಗುತ್ತಿರುವಾಗ ಮಧ್ಯೆ ಕರೆಂಟ್ ಹೋಯಿತು ಅಂದುಕೊಳ್ಳಿ. ಪ್ರೆಸ್‌ನವರು ಅರ್ಧ ಫೈಲನ್ನೇ ಪೂರ್ತಿ ಅಂತ ಪ್ರಿಂಟ್‌ಗೆ ಹಾಕುವ ಭಯ ಇಲ್ಲ. ಕರೆಂಟ್ ಬಂದ ಮೇಲೆ ನಿಂತಲ್ಲಿಂದಲೇ ಮುಂದುವರಿಸಬಹುದು.

ಫೈಲ್ ಹೆಸರು ಮಾತ್ರ ಇಂಗ್ಲಿಷ್ ಸಣ್ಣಕ್ಷರದಲ್ಲಿ, ಸ್ಪೇಸ್ ಇಲ್ಲದೆ ಇಡುತ್ತೇವೆ. ಲಿನಕ್ಸ್ ಸರ್ವರ್‌ಗೆ ದೊಡ್ಡಕ್ಷರದ ಹೆಸರು ಬೇರೆ, ಸಣ್ಣಕ್ಷರದ್ದು ಬೇರೆ. ಕನ್ನಡದಲ್ಲಿ ಇಟ್ಟರೂ ಫೈಲ್ ಹೋಗುತ್ತದೆ, ಆದರೆ ಲಿಂಕ್ ಕಾಪಿ ಮಾಡಿದಾಗ ಒಂದೊಂದು ಯೂನಿಕೋಡ್ ಚಿಹ್ನೆಯೂ (ಮೂಲಾಕ್ಷರ ಒಂದು, ಅದರ ಕಾಗುಣಿತದ ಗುರುತು ಇನ್ನೊಂದು) ಶೇಕಡಾ ಗುರುತುಗಳಿರುವ ಒಂಬತ್ತು ಅಕ್ಷರ ಆಗಿಬಿಡುತ್ತದೆ. 'ದಾವಣಗೆರೆ' ಅನ್ನೋದೊಂದೇ 72 ಅಕ್ಷರ! ಅಷ್ಟುದ್ದದ ಲಿಂಕ್ ನೋಡಿದರೆ ಗಿರಾಕಿಗಳು ಒತ್ತೋಕೇ ಹೆದರುತ್ತಾರೆ.

ತಿದ್ದಿದ ಪ್ರೂಫನ್ನು ಹಳೆಯ ಹೆಸರಿನ ಮೇಲೇ ಹಾಕಬೇಡಿ. ಗಿರಾಕಿಯ ಮೊಬೈಲ್ ಮೊದಲು ಇಳಿಸಿಕೊಂಡಿದ್ದನ್ನೇ ಮತ್ತೆ ತೋರಿಸಬಹುದು. ನಾವು ಪ್ರತಿ ಸಲ ಹೆಸರಿನ ಕೊನೆಗೆ ಹೊಸ ನಂಬರ್ ಹಾಕುತ್ತೇವೆ. ಗಿರಾಕಿ ಒಪ್ಪಿದ ನಂಬರ್ ಯಾವುದು ಅಂತ ಪ್ರೆಸ್‌ಗೆ ಫೋನ್ ಮಾಡಿ ಹೇಳುತ್ತೇವೆ.